ಕೇಳದಿರುವುದು ಮತ್ತು ವಿಚಾರಿಸದಿರುವುದು



ಮನೆಗೆ ಬಂದವರನ್ನು ಕುರಿತು ವಿಶ್ವಗುರು ಬಸವಣ್ಣನವರು ನುಡಿದ ವಚನಗಳಲ್ಲಿ ಎರಡು ಭಕ್ತರೆಲ್ಲರಿಗೂ ಬಾಯಿಪಾಠವಾಗಿವೆ. ಒಂದರಲ್ಲಿ, ಯಾರೋ ಪರಕೀಯನೆಂಬ ಮಾತು ಬಾರದೆ ತನ್ನನ್ನು ಸ್ವಂತದವನೆಂದೇ ಎಣಿಸಬೇಕೆಂದು ಕೂಡಲಸಂಗಮದೇವನಲ್ಲಿ ಮಾಡಿದ ಬೇಡಿಕೆಯಿದೆ. ಇನ್ನೊಂದರಲ್ಲಿ, ಬಾಗಿಲಿಗೆ ಬಂದವರ ಕ್ಷೇಮ ವಿಚಾರಿಸದ, ಆಸನ ತೋರಿಸಲೂ ಬಾಯಿ ಬಾರದ ಗೃಹಸ್ಥನಿಗೆ ಹಾಕಿದ ಬಿರುಸಾದ ಪ್ರಶ್ನೆಗಳಿವೆ. ಅಷ್ಟು ಮಾತನಾಡಿದರೆ ನಿನ್ನ ಗಂಟೇನು ಕರಗುವುದು ಎಂಬುದೇ ಆ ಪ್ರಶ್ನೆಗಳ ಧ್ವನಿ.

ಈ ಎರಡು ವಚನಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಹೇಳುವುದು ರೂಢಿ. ಶ್ರಾವಣ ಮಾಸದ ವಚನ ಚಿಂತನ ಗೋಷ್ಠಿಯಲ್ಲಿ ಭಕ್ತರೊಬ್ಬರು ಎತ್ತಿದ ಸಂದೇಹವು ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವಂತೆ ಮಾಡಿತು.

ಬೆಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿರುವ ಆ ಭಕ್ತರು 2018ರ ಬೇಸಿಗೆಯಲ್ಲಿ ಕಾರ್ಯನಿಮಿತ್ತ ಹಾಂಗ್‌ಕಾಂಗ್ ನಗರಕ್ಕೆ ಹೋಗಿದ್ದರು. ವಿಮಾನ ತಡವಾಯಿತು. ತಂಗಬೇಕಾಗಿದ್ದ ಕೊಠಡಿ ಬೆಳಗಾಗುವವರೆಗೆ ದೊರೆಯುವಂತಿರಲಿಲ್ಲ. ಕೌಲೂನ್ ಭಾಗದಲ್ಲಿ ರಾತ್ರಿಯೆಲ್ಲ ತೆರೆದಿದ್ದ ಒಂದು ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹಕ್ಕೆ ಹೋಗಿ, ಚಹಾ ಕೊಂಡು (ಅಲ್ಲಿ ಅವರ ಆಚಾರಕ್ಕೆ ಸಲ್ಲುವುದು ಅದೊಂದೇ ಎಂದು ನಗುತ್ತ ಹೇಳಿದರು) ಮೂಲೆಯ ಮೇಜಿನಲ್ಲಿ ಕುಳಿತರು. ಗಂಟೆ ಎರಡಾದಂತೆ ಸುತ್ತಲಿನವರು ಯಾರೂ ತಿನ್ನಲು ಬಂದವರಲ್ಲವೆಂಬುದು ಅವರಿಗೆ ತಿಳಿಯಿತು. ಕಾವಲುಗಾರನ ಸಮವಸ್ತ್ರದಲ್ಲಿದ್ದ ಒಬ್ಬಾತ ಮಡಿಸಿದ ತೋಳುಗಳ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದ. ಎದುರು ಮೇಜಿನಲ್ಲಿ ಒಬ್ಬ ಅಜ್ಜಿ ಎರಡು ಚೀಲಗಳನ್ನು ಕಾಲಸಂದಿಯಲ್ಲಿ ಭದ್ರವಾಗಿ ಒತ್ತಿಕೊಂಡು ಕುಳಿತಲ್ಲೇ ತೂಕಡಿಸುತ್ತಿದ್ದರು. ಪ್ರತಿಯೊಬ್ಬರ ಮುಂದೆಯೂ ತಣ್ಣಗಾದ ಒಂದು ಲೋಟ. ನೆಲ ಒರೆಸುವ ಹುಡುಗ ಅವರ ಕಾಲುಗಳನ್ನು ಬಳಸಿಕೊಂಡು ಒರೆಸಿ ಹೋದನೇ ಹೊರತು ಯಾರನ್ನೂ ಎಬ್ಬಿಸಲಿಲ್ಲ.

“ಬುದ್ಧಿ, ಅಲ್ಲಿ ಕುಲ ಕೇಳಲಿಲ್ಲ, ಊರು ಕೇಳಲಿಲ್ಲ, ಒಂದು ಲೋಟ ಚಹಾದ ಮೇಲೆ ಹಣವನ್ನೂ ಕೇಳಲಿಲ್ಲ. ಅಪ್ಪನವರ ವಚನವನ್ನು ಓದಿದ ನಾವು ಮಾಡದ್ದನ್ನು ಓದದ ಆ ಅಂಗಡಿ ಮಾಡುತ್ತಿದೆಯಲ್ಲ?” ಎಂಬುದು ಅವರ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೀಗೆ ರಾತ್ರಿ ಕಳೆಯುವವರಿಗೆ ಪೂರ್ವದೇಶಗಳಲ್ಲಿ ಒಂದು ಹೆಸರೇ ಬಿದ್ದಿದೆ. ಮೊದಲು ಜಪಾನಿನಲ್ಲಿ ಬಳಕೆಗೆ ಬಂದ ಆ ಹೆಸರನ್ನು ಕನ್ನಡದಲ್ಲಿ ‘ಮೆಕ್ ನಿರಾಶ್ರಿತರು’ ಎನ್ನಬಹುದು. ಹಾಂಗ್‌ಕಾಂಗ್‌ನಲ್ಲಿ 2018ರಲ್ಲಿ ಸ್ವಯಂಸೇವಕರು ಅಹೋರಾತ್ರಿ ತೆರೆದಿರುವ 110 ಶಾಖೆಗಳನ್ನು ಸುತ್ತಿ ಎಣಿಕೆ ಮಾಡಿದಾಗ, ಮೂರು ತಿಂಗಳಿಂದ ಅಲ್ಲಿಯೇ ಮಲಗುತ್ತಿದ್ದ 334 ಜನರು ಕಂಡರು. 2013ರ ಎಣಿಕೆಯಲ್ಲಿ ಕಂಡಿದ್ದವರು 57 ಮಂದಿ. ಇವರೆಲ್ಲ ಸೋಮಾರಿಗಳೋ ವ್ಯಸನಿಗಳೋ ಇರಬೇಕೆಂದು ಭಾವಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಮಾತನಾಡಲು ಒಪ್ಪಿದ 53 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಉದ್ಯೋಗವಿತ್ತು. ನೂರಕ್ಕೆ 71ರಷ್ಟು ಮಂದಿಗೆ ಬಾಡಿಗೆಯದೋ ಸ್ವಂತದ್ದೋ ಒಂದು ಮನೆಯೂ ಇತ್ತು!

ಮನೆಯಿದ್ದೂ ಏಕೆ ಬಂದರು? ಆ ನಗರದಲ್ಲಿ ಒಂದು ಮನೆಯನ್ನು ಹಲಗೆಗಳಿಂದ ಹಲವು ಗೂಡುಗಳಾಗಿ ಸೀಳಿ ಬಾಡಿಗೆಗೆ ಕೊಡುವುದುಂಟು. ಕೆಲವಕ್ಕೆ ಕಿಟಕಿಯೂ ಇಲ್ಲ. ಬೇಸಿಗೆಯ ಸೆಕೆಯಲ್ಲಿ ಅಲ್ಲಿ ಉಸಿರಾಡುವುದು ಕಷ್ಟ, ತಂಪು ಮಾಡುವ ಯಂತ್ರ ಹಾಕಿದರೆ ವಿದ್ಯುತ್ತಿನ ಖರ್ಚು ಭರಿಸುವುದು ಕಷ್ಟ. ಸರಕಾರಿ ಬಾಡಿಗೆ ಮನೆಗಾಗಿ ಕಾಯಬೇಕಾದ ಅವಧಿ ಆ ವರ್ಷದಲ್ಲಿ ಸರಾಸರಿ ಐದು ವರ್ಷಕ್ಕೂ ಮಿಗಿಲಾಗಿತ್ತು. ಇನ್ನು ಕೆಲವರು ಮನೆಯವರೊಡನೆ ಜಗಳವಾಡಿ ಬಂದವರು. ಮನುಷ್ಯರ ಮುಖ ಕಾಣಲೆಂದು ಬಂದವರೂ ಇದ್ದರು. ಶರಣರ ಕಾಲದಲ್ಲಿ ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಲಕ್ಕಮ್ಮನವರೊಡನೆ ಅದರಲ್ಲಿಯೇ ದಾಸೋಹ ನಡೆಸಿದರು. ಕಾಯಕ ಮಾಡಿದವನಿಗೆ ಒಂದು ಒಲೆ, ಒಂದು ಸೂರು ಇದ್ದೇ ಇರುತ್ತದೆಂಬ ನಂಬಿಕೆ ಆ ಕತೆಯ ಹಿಂದಿದೆ. ದಿನವೆಲ್ಲ ದುಡಿದ ಕಾವಲುಗಾರನೊಬ್ಬ ಮೇಜಿನ ಮೇಲೆ ತಲೆಯಿಟ್ಟು ಮಲಗುವ ನಗರದಲ್ಲಿ ಕಾಯಕತತ್ತ್ವವನ್ನು ಹೇಗೆ ವಿವರಿಸುವುದೆಂಬುದು ಇನ್ನೊಂದು ದಿನದ ಚಿಂತನೆಗೆ ತಕ್ಕ ವಿಷಯ.

ಹೀಗಿರುವಾಗ ಬಾಗಿಲು ಮುಚ್ಚದ ಒಂದು ಅಂಗಡಿ ಉಪಕಾರವೇ ಸರಿ. ಎಲ್ಲ ಬಗೆಯ ಜನರಿಗೂ ತಮ್ಮಲ್ಲಿ ಸ್ವಾಗತವಿದೆ, ದೀರ್ಘಕಾಲ ಕುಳಿತುಕೊಳ್ಳುವವರ ವಿಷಯದಲ್ಲಿಯೂ ಉದಾರವಾಗಿ ನಡೆದುಕೊಳ್ಳುತ್ತೇವೆ ಎಂದು ಆ ಸಂಸ್ಥೆ ಹೇಳಿಕೆ ಕೊಟ್ಟಿತ್ತು. ಆದರೆ ಆ ಹೇಳಿಕೆ ಹೊರಬಿದ್ದ ಸಂದರ್ಭವನ್ನು ತಿಳಿದ ಮೇಲೆ ಭಕ್ತರ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ.

2015ರ ಅಕ್ಟೋಬರ್ ತಿಂಗಳಿನಲ್ಲಿ, ಕೌಲೂನಿನ ಪಿಂಗ್ ಶೆಕ್ ವಸತಿ ಬಡಾವಣೆಯ ಮೆಕ್‌ಡೊನಾಲ್ಡ್ಸ್‌ನಲ್ಲಿ ಒಬ್ಬ ಹೆಂಗಸು ಮೇಜಿಗೆ ಒರಗಿದ ಹಾಗೆಯೇ ಪ್ರಾಣ ಬಿಟ್ಟಿದ್ದರು. ವಯಸ್ಸು ಐವತ್ತರಿಂದ ಅರವತ್ತರ ನಡುವೆ ಇರಬಹುದೆಂದು ಅಂದಾಜು. ಅಲ್ಲಿನ ಕ್ಯಾಮೆರಾದ ದೃಶ್ಯಗಳನ್ನು ಪರಿಶೀಲಿಸಿದಾಗ, ಆಕೆ ಒಳಗೆ ಬಂದು ಸುಮಾರು 24 ಗಂಟೆಗಳಾಗಿದ್ದವೆಂದೂ, ಕೊನೆಯ ಏಳು ಗಂಟೆಗಳ ಕಾಲ ಅಲುಗಾಡಿಯೇ ಇರಲಿಲ್ಲವೆಂದೂ ತಿಳಿಯಿತು. ಆ ಏಳು ಗಂಟೆಗಳಲ್ಲಿ ಎಷ್ಟೋ ಮಂದಿ ಬಂದರು, ತಿಂದರು, ಎದ್ದು ಹೋದರು. ಕಡೆಗೆ ಗಿರಾಕಿಗಳಲ್ಲಿಯೇ ಕೆಲವರಿಗೆ ಅನುಮಾನ ಬಂದ ಮೇಲೆ ಪೊಲೀಸರಿಗೆ ಸುದ್ದಿ ಮುಟ್ಟಿತು.

ಇಲ್ಲಿ ಯಾರೂ ಆಕೆಯನ್ನು ಹೊರಗೆ ಅಟ್ಟಲಿಲ್ಲ. ಯಾರೆಂದು ಕೇಳಿ ಅವಮಾನಿಸಲಿಲ್ಲ. ಮೇಲುನೋಟಕ್ಕೆ ಮೊದಲ ವಚನದ ಬೇಡಿಕೆ ಅಕ್ಷರಶಃ ನೆರವೇರಿದೆ. ಎರಡನೆಯ ವಚನದ ಪ್ರಶ್ನೆ ಮಾತ್ರ ಏಳು ಗಂಟೆಗಳ ಕಾಲ ಉತ್ತರವಿಲ್ಲದೆ ನಿಂತಿದೆ. ಬಸವಣ್ಣನವರು ‘ಯಾರು’ ಎಂಬುದನ್ನು ತೆಗೆದುಹಾಕಿದ್ದು, ಆ ಸ್ಥಳದಲ್ಲಿ ‘ಹೇಗಿದ್ದೀರಿ’ ಎಂಬುದನ್ನು ಇಡುವುದಕ್ಕಾಗಿ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನೂ ಬಿಟ್ಟರೆ ಉಳಿಯುವುದು ಔದಾರ್ಯದಂತೆ ಕಾಣುವ ಅಲಕ್ಷ್ಯ. ಎರಡಕ್ಕೂ ಹೊರಗಿನ ರೂಪ ಒಂದೇ ಆದುದರಿಂದ ಮೋಸಹೋಗುವುದು ಸುಲಭ. ಮಗನನ್ನು ಕುಲ ಯಾವುದೆಂದು ತಾಯಿ ಕೇಳುವುದಿಲ್ಲ ನಿಜ, ಆದರೆ ಊಟವಾಯಿತೇ ಎಂದು ಕೇಳದೆ ಮಲಗುವುದೂ ಇಲ್ಲ.

ಗೋಷ್ಠಿಯಲ್ಲಿದ್ದ ಹಿರಿಯರೊಬ್ಬರು ಅಕ್ಕಮಹಾದೇವಿಯವರನ್ನು ನೆನಪಿಗೆ ತಂದರು. ಮಲಗಲು ಪಾಳುಬಿದ್ದ ಗುಡಿಯಾದರೂ ಆದೀತೆಂದು ಅಕ್ಕ ನುಡಿದಿಲ್ಲವೇ, ಸೂರಿಲ್ಲದಿರುವುದು ಶರಣರಿಗೆ ಹೊಸದೇ ಎಂಬುದು ಅವರ ವಾದ. ಈ ಹೋಲಿಕೆಯನ್ನು ಒಪ್ಪುವುದು ಕಷ್ಟ. ಅಕ್ಕ ಲೌಕಿಕವನ್ನು ತಾವಾಗಿ ತೊರೆದು ನಡೆದವರು. ಅದೇ ವಚನದಲ್ಲಿ, ಜೀವದ ಜೊತೆಗಾರನಾಗಿ ಚೆನ್ನಮಲ್ಲಿಕಾರ್ಜುನನಿದ್ದಾನೆಂದು ಅವರೇ ಹೇಳಿಕೊಂಡಿದ್ದಾರೆ. ಅಕ್ಕನಿಗೆ ಆ ಪಾಳುಗುಡಿ ಖಾಲಿಯಾಗಿರಲಿಲ್ಲ. ಪಿಂಗ್ ಶೆಕ್‌ನ ದೀಪ ಉರಿಯುತ್ತಿದ್ದ ಕೋಣೆಯಲ್ಲಿ ಜನರಿದ್ದರು, ಜೊತೆಗಾರರಿರಲಿಲ್ಲ. ದಾರಿದ್ರ್ಯಕ್ಕೆ ವೈರಾಗ್ಯದ ಹೆಸರಿಡುವುದು ಹೊಟ್ಟೆ ತುಂಬಿದವರಿಗೆ ಬಹು ಅನುಕೂಲವಾದ ವ್ಯಾಖ್ಯಾನ.

ಅಂಗಡಿಯ ಉಪಕಾರಕ್ಕೂ ಒಂದು ಗಡಿಯಿತ್ತು. ಕೊರೋನಾ ಹರಡಿದಾಗ, 2020ರ ಮಾರ್ಚ್ 25ರಿಂದ ಎರಡು ವಾರಗಳ ಕಾಲ ಸಂಜೆ ಆರರಿಂದ ಮುಂಜಾನೆ ನಾಲ್ಕರವರೆಗೆ ಒಳಗೆ ಕುಳಿತುಕೊಳ್ಳುವುದನ್ನು ಅಲ್ಲಿನ ಮೆಕ್‌ಡೊನಾಲ್ಡ್ಸ್ ಶಾಖೆಗಳಲ್ಲಿ ನಿಲ್ಲಿಸಲಾಯಿತು. ರೋಗದ ಭಯವೇನೋ ನಿಜವಾದದ್ದೇ. ಆದರೆ ಅಲ್ಲಿ ಮಲಗುತ್ತಿದ್ದವರು ಆ ರಾತ್ರಿಗಳಿಗೆ ಬೇರೆ ಜಾಗ ಹುಡುಕಿಕೊಳ್ಳಬೇಕಾಯಿತು. ದಾಕ್ಷಿಣ್ಯದಿಂದ ದೊರೆತ ಸ್ಥಳದ ಮೇಲೆ ಯಾರಿಗೂ ಹಕ್ಕಿರುವುದಿಲ್ಲ.

ಭಕ್ತರ ಪ್ರಶ್ನೆಗೆ ಪೂಜ್ಯರು ಒಡನೆ ಉತ್ತರ ಕೊಟ್ಟಿರಲಿಲ್ಲ. ಎಲ್ಲರ ಮಾತು ಮುಗಿದ ಮೇಲೆ, “ಆ ಅಜ್ಜಿಯನ್ನು ನೀವು ಮಾತನಾಡಿಸಿದಿರಾ?” ಎಂದಷ್ಟೇ ಕೇಳಿದರು.

“ಇಲ್ಲ ಬುದ್ಧಿ. ಭಾಷೆ ಬರುತ್ತಿರಲಿಲ್ಲ.”

“ಒಂದು ಲೋಟ ಚಹಾಕ್ಕೆ ಭಾಷೆ ಬೇಕಾಗಿತ್ತೆ?”

ಭಕ್ತರು ತಲೆ ತಗ್ಗಿಸಿದರು. ನಾಲ್ಕು ಗಂಟೆ ಎದುರಿಗೇ ಕುಳಿತಿದ್ದೂ ತಾವು ಆ ಅಂಗಡಿಯ ಗುಣವನ್ನು ಮನಸ್ಸಿನಲ್ಲಿಯೇ ಹೊಗಳುತ್ತಿದ್ದುದನ್ನು ಬಿಟ್ಟು ಬೇರೇನೂ ಮಾಡಲಿಲ್ಲವೆಂದು ಒಪ್ಪಿಕೊಂಡರು. ಆಗ ಪೂಜ್ಯರು ಮಾತನ್ನು ಮಠದ ಕಡೆಗೇ ತಿರುಗಿಸಿದರು. ಯಾತ್ರಿನಿವಾಸದಲ್ಲಿ ಕೊಠಡಿ ಬೇಕಾದರೆ ಗುರುತಿನ ಚೀಟಿ ತೋರಿಸಿ ಪುಸ್ತಕದಲ್ಲಿ ಹೆಸರು, ಊರು, ದೂರವಾಣಿ ಸಂಖ್ಯೆ ಬರೆಸಬೇಕು. ಭದ್ರತೆಯ ದೃಷ್ಟಿಯಿಂದ ಅದನ್ನು ಬಿಡುವಂತಿಲ್ಲವೆಂದು ವ್ಯವಸ್ಥಾಪಕರು ವಿವರಿಸಿದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಚೀಟಿ ಇಲ್ಲದವರು ದಾಸೋಹ ಮನೆಯ ಜಗಲಿಯಲ್ಲಿ ಮಲಗುತ್ತಾರೆ. “ಇಲ್ಲಿ ಯಾರೆಂದು ಕೇಳುವುದಕ್ಕೆ ಪುಸ್ತಕವಿದೆ. ಹೇಗಿದ್ದೀರೆಂದು ಕೇಳುವುದಕ್ಕೆ ಯಾರಿದ್ದಾರೆ?” ಎಂದರು ಪೂಜ್ಯರು. ಸಭೆಯಲ್ಲಿ ಯಾರೂ ಮಾತನಾಡಲಿಲ್ಲ.

ಅಂದು ರಾತ್ರಿ ಗೋಷ್ಠಿ ಮುಗಿದಾಗ ಪ್ರಸಾದದ ಗಂಟೆ ಬಾರಿಸಿ ಬಹಳ ಹೊತ್ತಾಗಿತ್ತು. ಜಗಲಿಯ ಕಂಬಕ್ಕೆ ಒರಗಿ, ಟವೆಲ್ಲನ್ನು ಕಿವಿಯ ಮೇಲೆ ಸುತ್ತಿಕೊಂಡು ಒಬ್ಬ ಮುದುಕರು ಕುಳಿತಿದ್ದರು. ಬೆಂಗಳೂರಿನ ಭಕ್ತರು ಕಾರಿನ ಕಡೆಗೆ ನಾಲ್ಕು ಹೆಜ್ಜೆ ಹೋದವರು ಹಿಂತಿರುಗಿ ಬಂದು ಅವರ ಪಕ್ಕದಲ್ಲಿ ಕುಳಿತು, “ಯಜಮಾನರೇ, ಊಟ ಆಯಿತೇ?” ಎಂದರು. ಆಗಿರಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕಾಗಿದ್ದು, ಕೊನೆಯ ಬಸ್ಸಿನಲ್ಲಿ ಬಂದಿದ್ದರು. ಗಂಟೆಯಾದ ಮೇಲೆ ಕೇಳುವುದು ಹೇಗೆಂದು ಸುಮ್ಮನಿದ್ದರು. ಅಡುಗೆಯವರನ್ನು ಎಬ್ಬಿಸಲಾಯಿತು. ಪಾತ್ರೆಯ ತಳದಲ್ಲಿ ಅನ್ನ ಉಳಿದಿತ್ತು, ಸಾರನ್ನು ಮತ್ತೆ ಬಿಸಿ ಮಾಡಬೇಕಾಯಿತು.