ಮಹಡಿ ಮೇಲಿನ ಬೆಳ್ಳಕ್ಕಿ

ನಮ್ಮ ಮನೆ ಬಸವನಗುಡಿಯಲ್ಲಿ, ಗಾಂಧಿಬಜಾರಿಗೆ ಐದು ನಿಮಿಷದ ದಾರಿ. ಮಾವನವರ ಕಾಲದ ಮನೆ. ಮೇಲೆ ಒಂದು ಕೋಣೆ, ಬಚ್ಚಲು, ಬಟ್ಟೆ ಒಣಹಾಕುವ ತಾರಸಿ ಇದೆ. 2018ರಲ್ಲಿ ಆ ಕೋಣೆ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಒಂದು ದಿನ ನಮ್ಮ ಯಜಮಾನರು ಆಫೀಸಿನಿಂದ ಬಂದವರೇ, "ಜರ್ಮನಿಯಿಂದ ಒಂದು ಹುಡುಗಿ ಬರ್ತಾಳಂತೆ. ಕನ್ನಡ ಕಲಿಯೋದಕ್ಕೆ ಹತ್ತು ತಿಂಗಳು ಇರ್ತಾಳಂತೆ. ಕೊಡೋಣವೇ?" ಎಂದರು.

ನನಗೆ ನಗು ಬಂತು. ನಮ್ಮ ಬೀದಿಯ ಮಕ್ಕಳೆಲ್ಲ ಜರ್ಮನ್ ಕಲಿತು ಆ ಕಡೆ ಹೊರಟಿರುವಾಗ, ಅಲ್ಲಿಂದ ಒಬ್ಬಳು ಕನ್ನಡ ಕಲಿಯಲು ಬರುವುದೇ! ಅತ್ತೆಯವರಿಗೆ ಮಾತ್ರ ನಗು ಬರಲಿಲ್ಲ. "ಆಷಾಢದಲ್ಲಿ ಯಾರಾದರೂ ಹೊಸ ಮನೆಗೆ ಕಾಲಿಡ್ತಾರೇನೇ? ಮೊಟ್ಟೆ, ಮಾಂಸ ಅಂದರೆ ನಾನು ಒಪ್ಪೋಳಲ್ಲ" ಎಂದುಬಿಟ್ಟರು. ಮೊಟ್ಟೆ ತರಬಾರದು, ಅಡಿಗೆಮನೆಗೆ ಬರಬಾರದು, ರಾತ್ರಿ ಹತ್ತರ ಮೇಲೆ ಗೇಟು ತೆಗೆಯುವುದಿಲ್ಲ ಎಂಬ ಮೂರು ಷರತ್ತು ಹಾಕಿ ಒಪ್ಪಿಕೊಂಡದ್ದಾಯಿತು.

ಬಂದಳು. ಆರಡಿಗೆ ಸ್ವಲ್ಪ ಕಡಿಮೆ, ಉದ್ದ ಕಾಲು, ಉದ್ದ ಕತ್ತು, ಸುಣ್ಣದ ಹಾಗೆ ಬೆಳ್ಳಗೆ. ಅತ್ತೆಯವರು ಕಿಟಕಿಯಿಂದ ನೋಡಿ, "ಇದೇನೇ, ಗದ್ದೆಗೆ ಬೆಳ್ಳಕ್ಕಿ ಇಳಿದ ಹಾಗಿದೆ" ಎಂದರು. ಅವಳ ಹೆಸರನ್ನು ಸರಿಯಾಗಿ ಹೇಳುವುದು ನಮ್ಮ ನಾಲಿಗೆಗೆ ಆಗಲೇ ಇಲ್ಲ. ಹಾಗಾಗಿ ಬೆಳ್ಳಕ್ಕಿಯೇ ನಿಂತಿತು. ಆ ಹೆಸರಿನ ಅರ್ಥ ತಿಳಿದ ದಿನ ಅವಳೇ ಬಿದ್ದು ಬಿದ್ದು ನಕ್ಕಳು.

ಪರದೇಶದವರನ್ನು ಮನೆಯಲ್ಲಿಟ್ಟುಕೊಳ್ಳುವುದು ಎಂದರೆ ಸುಮ್ಮನೆ ಅಲ್ಲ ನೋಡಿ. ಆಗ ಇದ್ದ ನಿಯಮದ ಪ್ರಕಾರ, ಮನೆ ಕೊಟ್ಟ ನಾವು 24 ಗಂಟೆಯೊಳಗೆ 'ಸಿ ಫಾರಂ' ಎಂಬುದನ್ನು ತುಂಬಿ ಕಳಿಸಬೇಕಿತ್ತು. ವೀಸಾ 180 ದಿನಕ್ಕಿಂತ ಹೆಚ್ಚಿದ್ದರೆ ಅವರು ಬಂದ 14 ದಿನದೊಳಗೆ ಹೆಸರು ನೋಂದಾಯಿಸಬೇಕಿತ್ತು. ಎಲ್ಲ ಕಂಪ್ಯೂಟರಿನಲ್ಲೇ. ಬಾಡಿಗೆ ಕರಾರು, ನಮ್ಮ ಕರೆಂಟು ಬಿಲ್ಲು, ಫೋಟೊ ಎಂದು ಯಜಮಾನರೂ ಅವಳೂ ಮೂರು ದಿನ ಕೂತರು. ನಾನು ಕಾಫಿ ಒದಗಿಸಿದೆ. ಮದುವೆಯಾಗಿ ಅರಸೀಕೆರೆಯಿಂದ ಈ ಮನೆಗೆ ಬಂದಾಗ ನನಗೆ ಯಾವ ಫಾರಮ್ಮೂ ಇರಲಿಲ್ಲ ಎಂದು ಆಗ ಅನ್ನಿಸಿತು. ಷರತ್ತುಗಳು ಮಾತ್ರ ಹೆಚ್ಚೂಕಡಿಮೆ ಇವೇ!

ಅವಳಿಗೆ ಬರುತ್ತಿದ್ದುದು ಪುಸ್ತಕದ ಕನ್ನಡ. "ನಾನು ಸ್ನಾನವನ್ನು ಮಾಡಿರುತ್ತೇನೆ" ಎನ್ನುವಳು. ಗಾಂಧಿಬಜಾರಿನಲ್ಲಿ "ಅರ್ಧ ಕಿಲೋ ಹುರುಳಿಕಾಯಿಯನ್ನು ಕೊಡಿರಿ" ಎಂದರೆ ಅಂಗಡಿಯವನು ಇಂಗ್ಲಿಷಿನಲ್ಲಿ ರೇಟು ಹೇಳುವನು. ಆಟೋದವನು ಹಿಂದಿಯಲ್ಲಿ ಮಾತಾಡುವನು. ಪಾಪ, ಅಷ್ಟು ದೂರದಿಂದ ಕನ್ನಡ ಕಲಿತು ಬಂದರೆ ಅವಳ ಜೊತೆ ಕನ್ನಡ ಆಡುವವರೇ ಇಲ್ಲ! ಬಹುವಚನ ಬಿಟ್ಟು ಬೇರೆ ಗೊತ್ತಿರಲಿಲ್ಲ. ಗೇಟಿನ ಹತ್ತಿರ ಮಲಗಿದ್ದ ಬೀದಿನಾಯಿಗೆ "ದಯವಿಟ್ಟು ಆ ಕಡೆ ಹೋಗಿರಿ" ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನಾಯಿ ಹೋಯಿತೂ ಕೂಡ.

ಮೊದಲ ವಾರ, ಊಟವಾಯಿತೇ ಎಂದು ಕೇಳಿದರೆ "ಆಯಿತು, ಅಕ್ಕಿ ತಿಂದೆ" ಎಂದಳು. ನಾನು ಗಾಬರಿಯಾಗಿ ನೋಡಿದೆ. ಅವರ ಭಾಷೆಯಲ್ಲಿ ಗದ್ದೆಯಲ್ಲಿರುವುದಕ್ಕೂ, ಡಬ್ಬಿಯಲ್ಲಿರುವುದಕ್ಕೂ, ತಟ್ಟೆಯಲ್ಲಿರುವುದಕ್ಕೂ ಒಂದೇ ಹೆಸರಂತೆ. ಅಂದಿನಿಂದ ನಾನು ಮೇಡಂ ಆದೆ. ಭತ್ತ, ಅಕ್ಕಿ, ಅನ್ನ. ನುಚ್ಚು, ತೌಡು, ಹೊಟ್ಟು. ಹುಳಿ, ಸಾರು, ಗೊಜ್ಜು, ತೊವ್ವೆ. ಸಂಜೆ ನಾಲ್ಕಕ್ಕೆ ನಾನು ಕಾಫಿ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತರೆ ಅವಳು ನೋಟುಬುಕ್ಕು ತರುವಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಲ್ಲಿಂದ ಈಚೆಗೆ ನನ್ನ ಮಾತನ್ನು ಯಾರಾದರೂ ಪುಸ್ತಕದಲ್ಲಿ ಬರೆದುಕೊಂಡದ್ದು ಅದೇ ಮೊದಲು.

ಬದಲಿಗೆ ಅವಳೂ ಕಲಿಸುತ್ತಿದ್ದಳು. ಕನ್ನಡಕ್ಕೆ ದೊಡ್ಡ ನಿಘಂಟು ಮಾಡಿಕೊಟ್ಟ ಕಿಟೆಲ್ ಸಾಹೇಬರು ಅವಳ ದೇಶದವರು ಎಂದು ಹೇಳಿದಳು. 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬಂದವರಂತೆ. ನಿಘಂಟು ಅಚ್ಚಾದದ್ದು 1894ರಲ್ಲಿ. "ನಲವತ್ತೊಂದು ವರ್ಷ ಅಕ್ಕ! ನನಗೆ ಹತ್ತೇ ತಿಂಗಳು" ಎಂದು ಕೈ ಚೆಲ್ಲುವಳು. ಬಸವನಗುಡಿ, ಮಲ್ಲೇಶ್ವರಗಳು ಊರಾಚೆ ಬೆಳೆದದ್ದು 1898ರ ಪ್ಲೇಗಿನ ಹಾವಳಿಯ ದೆಸೆಯಿಂದ ಎಂದು ನಮಗೆ ತಿಳಿಸಿದವಳೂ ಅವಳೇ. ಅಷ್ಟು ವರ್ಷ ಇಲ್ಲಿದ್ದ ನಮಗೆ ಗೊತ್ತಿರಲಿಲ್ಲ! ಅವಳಿಗೆ ಗೊತ್ತಿಲ್ಲದ್ದು ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಎಂಬುದು. ಮಸಾಲೆ ದೋಸೆಯ ಆಸೆಯಿಂದ ಹೋಗಿ, ಮುಚ್ಚಿದ ಬಾಗಿಲು ನೋಡಿ, ಮೋರೆ ಸಣ್ಣದು ಮಾಡಿಕೊಂಡು ಬಂದಿದ್ದಳು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಅತ್ತೆಯವರ ಕೈ ಹಿಡಿದುಕೊಂಡು ದೊಡ್ಡಬಸವಣ್ಣನ ಗುಡಿಯ ತನಕ ಹೋದವಳೂ ಇವಳೇ. ಆ ಜನಜಂಗುಳಿಯಲ್ಲಿ ಅತ್ತೆಯವರು ಕಳೆದುಹೋಗಲಿಲ್ಲ, ಏಕೆಂದರೆ ಬೆಳ್ಳಕ್ಕಿಯ ತಲೆ ಎಲ್ಲರ ತಲೆಗಿಂತ ಮೇಲೆ ಕಾಣುತ್ತಿತ್ತು.

ಅತ್ತೆಯವರು ಕಲಿಸಿದ ಪಾಠವೂ ಒಂದಿದೆ. ಬೆಳಿಗ್ಗೆ ಸೈಕಲ್ಲು ಹತ್ತುವಾಗ "ಅಜ್ಜಿ, ನಾನು ಹೋಗುತ್ತೇನೆ" ಎನ್ನುತ್ತಿದ್ದಳು. ಅತ್ತೆಯವರು ಕಿವಿ ಮುಚ್ಚಿಕೊಂಡು, "ಹಾಗನ್ನಬಾರದಮ್ಮ. ಹೋಗಿ ಬರ್ತೀನಿ ಅನ್ನು" ಎಂದರು. "ಬರುವುದು ಸಂಜೆ ಅಲ್ಲವೇ?" ಎಂದು ಇವಳ ಪ್ರಶ್ನೆ. "ಯಾವಾಗ ಬಂದರೂ ಸರಿ, ಬರ್ತೀನಿ ಅನ್ನಬೇಕು."

ಇಷ್ಟೆಲ್ಲ ಚೆನ್ನಾಗಿದ್ದರೂ ನನಗೆ ಅವಳ ಮೇಲೆ ಒಂದು ಸಣ್ಣ ಅಸಮಾಧಾನವಿತ್ತು. ರಾತ್ರಿ ಹನ್ನೆರಡಾದರೂ ಮಹಡಿಯ ದೀಪ ಆರುತ್ತಿರಲಿಲ್ಲ. ಫೋನಿನಲ್ಲಿ ಯಾರೊಂದಿಗೋ ಮಾತು, ನಗು. ನಮ್ಮ ಮಲಗುವ ಕೋಣೆ ಕೆಳಗೇ. "ಯಾರೋ ಹುಡುಗ ಇರಬೇಕು ಬಿಡು" ಎಂದು ಯಜಮಾನರು ಮಗ್ಗುಲು ಬದಲಿಸುತ್ತಿದ್ದರು. ಕರೆಂಟು ಬಿಲ್ಲಿನ ನೆಪ ತೆಗೆದು ಒಂದು ಸಲ ನಾನು ಸೂಚನೆ ಕೊಟ್ಟದ್ದೂ ಉಂಟು. ಮಾತನ್ನು ಪಿಸುದನಿಗೆ ಇಳಿಸಿದಳು, ಬಿಡಲಿಲ್ಲ.

2019ರ ಜನವರಿ, ಸಂಕ್ರಾಂತಿಗೆ ಮೂರು ದಿನವಿತ್ತು. ಬೆಳಿಗ್ಗೆ ಹಾಲಿನ ಪಾತ್ರೆ ವಾಪಸು ಕೊಡಲು ಬಂದವಳು, ಪಾಠ ಒಪ್ಪಿಸುವ ಹಾಗೆ, "ಅಕ್ಕ, ನಿನ್ನೆ ನನ್ನ ಅಜ್ಜಿ ತೀರಿಹೋದರು" ಎಂದಳು. ನನಗೆ ಏನು ಹೇಳಲೂ ತೋಚಲಿಲ್ಲ. "ಅಯ್ಯೋ, ಊರಿಗೆ ಹೋಗ್ತೀಯೇನೇ?" ಎಂದೆ. "ಇಲ್ಲ" ಎಂದು, ಡಬ್ಬಿ ಚೀಲಕ್ಕೆ ಹಾಕಿಕೊಂಡು, "ಹೋಗಿ ಬರ್ತೀನಿ" ಎಂದು ಹೊರಟೇಬಿಟ್ಟಳು.

ಅಂದು ಮಧ್ಯಾಹ್ನ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ. ತಂಗಿಯ ಫೋನು ಬಂತು. ಕೈಯಲ್ಲಿ ಕೆಲಸವಿದ್ದರೆ ಬಾಯಿಗೆ ಲಗಾಮು ಇರುವುದಿಲ್ಲ ತಾನೆ? "ಅಲ್ಲ ಕಣೇ, ಅಜ್ಜಿ ಸತ್ತಿದಾರೆ, ಈ ಹುಡುಗಿ ಡಬ್ಬಿ ಹಿಡ್ಕೊಂಡು ಕ್ಲಾಸಿಗೆ ಹೋದ್ಲು. ಒಂದು ತೊಟ್ಟು ಕಣ್ಣೀರಿಲ್ಲ. ಈ ಜನಕ್ಕೆ ಕರುಳು ಅನ್ನೋದೇ ಇರಲ್ವೇನೋ!" ಎಂದೆ. ಜೋರಾಗಿಯೇ ಎಂದೆ.

ಅಡಿಗೆಮನೆಯ ಕಿಟಕಿಯ ಪಕ್ಕದಲ್ಲೇ ಮಹಡಿಯ ಮೆಟ್ಟಿಲು. ಫೋನಿಟ್ಟು ತಿರುಗಿ ನೋಡಿದರೆ ಮೂರನೆಯ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಾಳೆ! ತಲೆ ಎತ್ತಲಿಲ್ಲ. ಎದ್ದು ಮೇಲೆ ಹೋದಳು. ಅವಳಿಗೆ ಅರ್ಥವಾಗಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ಆರು ತಿಂಗಳು ಅದೇ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕನ್ನಡ ಹೇಳಿಕೊಟ್ಟವಳು ನಾನೇ.

ಸಂಜೆ ನಾಲ್ಕಕ್ಕೆ ಬಂದಳು, ನೋಟುಬುಕ್ಕಿನ ಸಮೇತ. ನನ್ನ ಎದೆ ಡವಡವ.

"ಅಕ್ಕ, ಕರುಳು ಅಂದರೆ ಹೊಟ್ಟೆಯೊಳಗೆ ಇರೋದು ಅಲ್ವಾ? ಡಿಕ್ಷನರಿ ನೋಡಿದೆ. ಅದು ನನಗೆ ಇಲ್ಲ ಅಂದರೆ ಏನು ಅರ್ಥ?"

ಕುಹಕವಿಲ್ಲ, ಸಿಟ್ಟಿಲ್ಲ. ನಾನಾಡಿದ ಮಾತಿನಲ್ಲಿ ಅವಳಿಗೆ ಬಾರದ ಪದ ಅದೊಂದೇ. ಪೆನ್ನು ಹಿಡಿದು ಕಾಯುತ್ತಿದ್ದಳು. ಕಣ್ಣು ಮಾತ್ರ ಕೆಂಪಗಿದ್ದವು.

ನಾನು "ಏನಿಲ್ಲಮ್ಮ, ಸುಮ್ಮನೆ ಏನೋ ಅಂದೆ" ಎಂದು ಒಳಗೆದ್ದು ಹೋದೆ. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆ. ನಮ್ಮಲ್ಲಿ ಚಿಕ್ಕವರ ಹತ್ತಿರ ಕ್ಷಮೆ ಕೇಳುವ ರೂಢಿ ಇಲ್ಲವಲ್ಲ! ತಪ್ಪು ಮಾಡಿದ ದಿನ ಅಮ್ಮಂದಿರು ಮಕ್ಕಳ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಾರೆ, ಅಷ್ಟೇ. ಅಂದು ರಾತ್ರಿ ಹನ್ನೆರಡಕ್ಕೆ ನಿದ್ದೆ ಬರಲಿಲ್ಲ. ಮಹಡಿಯ ದೀಪ ಉರಿಯುತ್ತಿತ್ತು. ಮಾತಿಲ್ಲ, ನಗುವಿಲ್ಲ. ಎದ್ದು ಹಾಲು ಕಾಯಿಸಿ, ಮೆಣಸಿನಪುಡಿ, ಕಲ್ಲುಸಕ್ಕರೆ ಹಾಕಿ, ಮೆಟ್ಟಿಲು ಹತ್ತಿದೆ.

ಫೋನನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅದರ ಮೇಲೆ ಒಬ್ಬ ಮುದುಕಿಯ ಚಿತ್ರ. ಏಪ್ರನ್ನು ಕಟ್ಟಿಕೊಂಡು ಸೇಬಿನ ಸಿಪ್ಪೆ ತೆಗೆಯುತ್ತಿದ್ದಾರೆ.

ಆಗ ತಿಳಿಯಿತು. ನಮಗೆ ರಾತ್ರಿ ಹನ್ನೆರಡಾದಾಗ ಚಳಿಗಾಲದಲ್ಲಿ ಅವರಿಗೆ ಸಂಜೆ ಏಳೂವರೆ. ಅಜ್ಜಿಯ ಊಟ ಮುಗಿಯುವ ಹೊತ್ತು. ಸಾಕಿ ಬೆಳೆಸಿದ ಅಜ್ಜಿ. ದಿನಾ ಅಂದು ಕಲಿತ ಒಂದು ಕನ್ನಡ ಪದವನ್ನು ಇವಳು ಹೇಳಬೇಕು, ಅವರು ತಿರುಗಿ ಹೇಳಬೇಕು. ನುಚ್ಚು, ತೌಡು, ತೊವ್ವೆ! ನಾನು ಕಲಿಸಿದ ಪದಗಳು ಅಷ್ಟು ದೂರ ಹೋಗುತ್ತಿದ್ದವು, ನಾನು ಕರೆಂಟು ಬಿಲ್ಲಿನ ಲೆಕ್ಕ ಹಾಕುತ್ತಿದ್ದೆ. ಹೊರಡುವ ಮುಂಚೆಯೇ ಅಜ್ಜಿ, "ನಾನು ಹೋದರೆ ಬರಬೇಡ, ಓದು ಮುಗಿಸು" ಎಂದು ಮಾತು ತೆಗೆದುಕೊಂಡಿದ್ದರಂತೆ. ವಿದ್ಯಾರ್ಥಿವೇತನದ ದುಡ್ಡಿನಲ್ಲಿ ಹೋಗಿ ಬರುವ ಟಿಕೆಟ್ಟೂ ಆಗುತ್ತಿರಲಿಲ್ಲವಂತೆ. "ಕೋಣೆಯಲ್ಲಿ ಒಬ್ಬಳೇ ಕೂತಿದ್ದರೆ ಆಗುತ್ತಿರಲಿಲ್ಲ ಅಕ್ಕ, ಅದಕ್ಕೇ ಕ್ಲಾಸಿಗೆ ಹೋದೆ" ಎಂದಳು.

ನನ್ನ ಅಜ್ಜಿ ಅರಸೀಕೆರೆಯಲ್ಲಿ ತೀರಿಕೊಂಡಾಗ ನಾನು ಇದೇ ಮನೆಯಲ್ಲಿ ಹದಿನೈದು ದಿನದ ಬಾಣಂತಿ. ಹೋಗಲಿಲ್ಲ. ಮಗುವಿಗೆ ಹಾಲೂಡಿಸಿದೆ, ಮಲಗಿದೆ, ಎದ್ದು ಪತ್ಯದ ಊಟ ಮಾಡಿದೆ. ನನಗೆ ಕರುಳಿಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಇಪ್ಪತ್ತು ವರ್ಷದಲ್ಲಿ ಯಜಮಾನರಿಗೂ ಅಷ್ಟು ವಿವರವಾಗಿ ಹೇಳಿರಲಿಲ್ಲ. ಆಮೇಲೆ ಕರುಳು ಎಂದರೆ ಏನೆಂದು ವಿವರಿಸಲು ಹೊರಟೆ. ಹೆತ್ತ ಕರುಳು, ಕರುಳ ಕುಡಿ, ಕರುಳು ಚುರುಕ್ ಅನ್ನೋದು. ಅರ್ಧಕ್ಕೇ ನನ್ನ ಗಂಟಲು ಕಟ್ಟಿತು. ಅವಳು ಹಾಲಿನ ಲೋಟ ಕೆಳಗಿಟ್ಟು ಅಳಲು ಶುರು ಮಾಡಿದಳು. ಕೆಳಗಿನಿಂದ ಯಜಮಾನರು ಗಾಬರಿಯಾಗಿ ಟಾರ್ಚು ಹಾಕಿ ನೋಡಿದರು. "ಏನಿಲ್ಲ, ನೀವು ಮಲಗಿ" ಎಂದೆ.

ಮರುದಿನ ಅತ್ತೆಯವರಿಗೆ ವಿಷಯ ತಿಳಿಸಿದೆ, ನನ್ನ ಮಾತೊಂದನ್ನು ಬಿಟ್ಟು. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲ ಬುಡಕ್ಕೆ ಹೋಗಿ, "ಬೆಳ್ಳಕ್ಕಿ, ಬಾರೇ ಇಲ್ಲಿ. ಕೈ ತೊಳ್ಕೊಂಡು ಬಾ, ಕೊಬ್ಬರಿ ಹೆಚ್ಚೋದು ಬಹಳ ಇದೆ" ಎಂದು ಕೂಗಿದರು. ಅಡಿಗೆಮನೆಯ ಹೊಸಲಿನ ಒಳಗೆ ಮಣೆ ಹಾಕಿದರು. ಅವಳು ಹೆಚ್ಚಿದ ಕೊಬ್ಬರಿ ಒಂದೊಂದೂ ಒಂದೊಂದು ಗಾತ್ರ. ಬೇರೆ ಯಾರಾದರೂ ಹಾಗೆ ಹೆಚ್ಚಿದ್ದರೆ ಅತ್ತೆಯವರು ಸುಮ್ಮನಿರುತ್ತಿದ್ದರೇ! ಆ ವರ್ಷ ಸುಮ್ಮನಿದ್ದರು.

ಸಂಕ್ರಾಂತಿಯ ಸಂಜೆ ರೇಷ್ಮೆ ಲಂಗ ಉಟ್ಟ ಪುಟಾಣಿಗಳ ಜೊತೆ ಅವಳೂ ತಟ್ಟೆ ಹಿಡಿದು ಎಳ್ಳು ಬೀರಲು ಹೊರಟಳು. ಮೊದಲ ಪೊಟ್ಟಣ ನನಗೆ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಕ್ಕ" ಎಂದಳು. ಅತ್ತೆಯವರು ಹೇಳಿಕೊಟ್ಟದ್ದನ್ನು ಒಪ್ಪಿಸಿದ್ದಾಳೆ, ಅಷ್ಟೇ. ಮೊನ್ನೆಯ ಮಾತು ಅವಳ ಮನಸ್ಸಿನಲ್ಲಿರಲಿಲ್ಲ ಎಂದುಕೊಂಡೆ. ಆದರೆ ತುಟಿಯ ಕೊನೆಯಲ್ಲಿ ನಗು ಇತ್ತೋ ಏನೋ. ನಾನು ಎಳ್ಳು ಬಾಯಿಗೆ ಹಾಕಿಕೊಂಡೆ.

ಮೇ ತಿಂಗಳಲ್ಲಿ ಹೊರಟಳು. ಅತ್ತೆಯವರು ಅರಿಸಿನ ಕುಂಕುಮ ಕೊಟ್ಟು, ಮೆಂತ್ಯದ ಹಿಟ್ಟು, ಚಟ್ನಿಪುಡಿ ಕಟ್ಟಿಕೊಟ್ಟರು. ನೋಟುಬುಕ್ಕಿನ ಜೆರಾಕ್ಸ್ ತೆಗೆಸಿ ನನ್ನ ಹತ್ತಿರ ಒಂದು ಪ್ರತಿ ಬಿಟ್ಟುಹೋದಳು. ಅದರಲ್ಲಿ ಕರುಳು ಎಂಬ ಪದದ ಎದುರಿಗೆ ಒಂದು ಹೊಟ್ಟೆಯ ಚಿತ್ರ ಬರೆದು, ಅದರಿಂದ ಬಾಣ ಎಳೆದು, ಒಂದು ಹಾಲಿನ ಲೋಟ ಬರೆದಿದ್ದಾಳೆ.

ಈಗ ಅತ್ತೆಯವರಿಲ್ಲ. ಮಹಡಿಯಲ್ಲಿ ಕಂಪ್ಯೂಟರ್ ಕೆಲಸದ ಇಬ್ಬರು ಹುಡುಗರಿದ್ದಾರೆ, ಒಬ್ಬ ಬಿಹಾರದವನು, ಒಬ್ಬ ಒಡಿಶಾದವನು. ರಾತ್ರಿ ಹನ್ನೆರಡಾದರೂ ದೀಪ ಉರಿಯುತ್ತದೆ, ಫೋನಿನಲ್ಲಿ ಯಾವುದೋ ಭಾಷೆಯ ಮಾತು ಕೇಳಿಸುತ್ತದೆ. ಯಜಮಾನರು ಕರೆಂಟು ಬಿಲ್ಲಿನ ಮಾತೆತ್ತಿದರೆ, "ಇರಲಿ ಬಿಡಿ, ಅವರ ಊರಿನಲ್ಲಿ ಈಗ ಊಟದ ಹೊತ್ತಿರಬೇಕು" ಎನ್ನುತ್ತೇನೆ. ಬಿಹಾರಕ್ಕೂ ನಮಗೂ ಗಡಿಯಾರ ಒಂದೇ ಎಂದು ಅವರು ನಗುತ್ತಾರೆ.