ಬೇಡವೆನ್ನುವ ಸ್ವಾತಂತ್ರ್ಯ

ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ನನ್ನ ಮಗಳು ಕಳೆದ ರಜೆಯಲ್ಲಿ ವಿಧವೆಯರ ಒಂಟಿತನವನ್ನು ಕುರಿತ ಪ್ರಶ್ನಾವಳಿಯೊಂದನ್ನು ಮನೆಗೆ ತಂದಿದ್ದಳು. ಉತ್ತರಿಸುವವರು ಸಾಕಷ್ಟು ಮಂದಿ ದೊರೆತಿರಲಿಲ್ಲ. ನಮ್ಮ ಮನೆಗೆಲಸಕ್ಕೆ ಬರುವ ತಾಯಿಯೂ ವಿಧವೆ. “ಆಕೆಗೆ ನಾನು ಹೇಳುತ್ತೇನೆ, ಸಹಿ ಮಾಡುತ್ತಾಳೆ” ಎಂದೆ. ಮಗಳು ಕಾಗದಗಳನ್ನು ಮಡಿಸಿಟ್ಟಳು. “ನೀವು ಹೇಳಿದರೆ ಆಕೆ ಬೇಡವೆನ್ನಲಾರಳು, ಅಪ್ಪ. ಬೇಡವೆನ್ನಲಾಗದವರ ‘ಹೂಂ’ ಒಪ್ಪಿಗೆಯಾಗದು.” ನನಗೆ ಒಳಗೊಳಗೇ ಸಿಟ್ಟು ಬಂದಿತು.

ಆ ರಾತ್ರಿ ಅವಳು ಹೇಳಿದ ವೃತ್ತಾಂತವನ್ನು ನಿಮ್ಮ ಮುಂದಿಡುತ್ತೇನೆ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ವಿದ್ವಾಂಸರು, ಸ್ಮರಣಶಕ್ತಿಯ ಅಧ್ಯಯನವೆಂದು ಜಾಹೀರಾತು ನೀಡಿ ಸಾಮಾನ್ಯ ಜನರನ್ನು ಬರಮಾಡಿಕೊಂಡರು. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಏರುತ್ತ ಹೋಗುವ ವಿದ್ಯುದಾಘಾತವನ್ನು ನೀಡಬೇಕೆಂದು ಅವರಿಗೆ ಆಜ್ಞೆಯಾಯಿತು. ಆಘಾತ ನಿಜವಾದುದಲ್ಲ, ಆ ವ್ಯಕ್ತಿ ನಟಿಸುತ್ತಿದ್ದ. ಆದರೆ ನಂಬಿ ಬಂದವರಿಗೆ ಅದು ತಿಳಿದಿರಲಿಲ್ಲ. ಹಲವರು ಬೆವರಿದರು, ನಡುಗಿದರು. ಆದರೂ 1963ರಲ್ಲಿ ಪ್ರಕಟವಾದ ಮೊದಲ ವರದಿಯಂತೆ, 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು. ಅಧಿಕಾರದ ಮಾತಿಗೆ ಮನುಷ್ಯನು ಎಷ್ಟು ಬಾಗುತ್ತಾನೆಂಬುದನ್ನು ಲೋಕ ಕಲಿಯಿತು. ಆದರೆ ಮರುವರ್ಷವೇ ಮನಃಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್, ಆ ಕಲಿಕೆಗಾಗಿ ಜನರನ್ನು ಇಂತಹ ಯಾತನೆಗೆ ಒಡ್ಡುವುದು ಸರಿಯೇ ಎಂದು ಪ್ರಶ್ನಿಸಿದರು.

ಅದೇ ದೇಶದ ಟಸ್ಕೆಗೀಯಲ್ಲಿ ಇದಕ್ಕಿಂತ ಘೋರವಾದುದು ನಡೆದಿತ್ತು. 1932ರಿಂದ 1972ರವರೆಗೆ ಸಿಫಿಲಿಸ್ ಪೀಡಿತ ಬಡ ಕಪ್ಪುವರ್ಣೀಯರಿಗೆ ಚಿಕಿತ್ಸೆ ನೀಡದೆ, ರೋಗದ ಗತಿಯನ್ನು ಸುಮ್ಮನೆ ಗಮನಿಸಲಾಗಿತ್ತು. ಅದು ಬಯಲಾದ ನಂತರ, 1979ರ ಬೆಲ್ಮಾಂಟ್ ವರದಿಯು ಮೂರು ತತ್ತ್ವಗಳನ್ನು ಮುಂದಿಟ್ಟಿತು. ಮೊದಲನೆಯದು ವ್ಯಕ್ತಿಗೌರವ: ಎಲ್ಲವನ್ನೂ ತಿಳಿದು, ಒತ್ತಾಯವಿಲ್ಲದೆ ಒಪ್ಪುವ ಹಕ್ಕು. ಎರಡನೆಯದು ಹಿತಸಾಧನೆ: ಕೇಡನ್ನು ಕನಿಷ್ಠಗೊಳಿಸಿ ಒಳಿತನ್ನು ಹೆಚ್ಚಿಸುವುದು. ಮೂರನೆಯದು ನ್ಯಾಯ: ಸುಲಭವಾಗಿ ಕೈಗೆ ಸಿಗುವ ದುರ್ಬಲರ ಮೇಲೆಯೇ ಭಾರ ಹೊರಿಸದಿರುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯುವ ಸ್ವಾತಂತ್ರ್ಯವಿರಬೇಕು ಎನ್ನುತ್ತದೆ.

ಕೇಳುತ್ತ ಕೇಳುತ್ತ ನನ್ನ ಸಿಟ್ಟು ಇಳಿದು ನಾಚಿಕೆಯಾಯಿತು. ‘ಸುಲಭವಾಗಿ ಕೈಗೆ ಸಿಗುವವರು’ ಎಂದಾಗ ನನಗೆ ಟಸ್ಕೆಗೀ ಕಾಣಲಿಲ್ಲ. ನಮ್ಮ ಹಿತ್ತಲ ಬಾಗಿಲು ಕಂಡಿತು. ಹನ್ನೊಂದು ವರ್ಷಗಳಲ್ಲಿ ಆ ತಾಯಿ ನನಗೆ ಒಮ್ಮೆಯೂ ಬೇಡವೆಂದದ್ದು ನೆನಪಿಲ್ಲ. ಅದನ್ನು ಆಕೆಯ ಒಳ್ಳೆಯತನವೆಂದೇ ಭಾವಿಸಿ ಮೆಚ್ಚುತ್ತಿದ್ದೆ. ಅದು ಅಂಜಿಕೆಯೂ ಆಗಿರಬಹುದೆಂದು ನಾನು ಎಂದೂ ಯೋಚಿಸಿರಲಿಲ್ಲ.

ಪ್ರಶ್ನಾವಳಿ ಆಕೆಯ ಬಳಿಗೆ ಹೋಗಲೇ ಇಲ್ಲ. ಆದರೆ ಅದರ ಒಂದು ಪ್ರಶ್ನೆ ನನ್ನಲ್ಲಿ ಉಳಿಯಿತು. ಓದುಗರೇ, ಅದನ್ನು ನಿಮಗೂ ಒಪ್ಪಿಸುತ್ತೇನೆ: ನಿಮ್ಮ ಮಾತಿಗೆ ಬೇಡವೆಂದು ನಿರ್ಭಯವಾಗಿ ಹೇಳಬಲ್ಲವರು ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ?