ಸ್ಪೆತ್ಸೆಸ್‌ನಲ್ಲಿ ಮೀನಿಗೆ ಅಪ್ಪಣೆ ಸಿಗುವ ದಿನ

ಆಗಸ್ಟ್ 6, ಬೆಳಗಿನ ಏಳು ಗಂಟೆ. ನೀವು ಗ್ರೀಸಿನ ಸ್ಪೆತ್ಸೆಸ್ ದ್ವೀಪದ ದಾಪಿಯಾ ಬಂದರಿನಲ್ಲಿ ನಿಂತಿದ್ದೀರಿ. ಕಲ್ಲುಕಟ್ಟೆಯ ಮೇಲೆ ಹಳೆಯ ತೋಪುಗಳು ಸಮುದ್ರಕ್ಕೆ ಮುಖ ಮಾಡಿ ಕೂತಿವೆ. 1821ರಲ್ಲಿ ತುರ್ಕರ ವಿರುದ್ಧ ಗ್ರೀಕರು ಎದ್ದಾಗ ಈ ಪುಟ್ಟ ದ್ವೀಪ ತನ್ನ ವ್ಯಾಪಾರಿ ಹಡಗುಗಳನ್ನೇ ಯುದ್ಧಕ್ಕೆ ಕಳಿಸಿತ್ತು. ಎದುರಿಗೆ ಪೆಲೊಪೊನೀಸ್‌ನ ಒಣ ಗುಡ್ಡಗಳು. ನಡುವೆ ಹೆಚ್ಚೆಂದರೆ ಎರಡು ಮೂರು ಕಿಲೋಮೀಟರ್ ನೀರು. ಊರೊಳಗೆ ಖಾಸಗಿ ಕಾರು ಬಿಡುವುದಿಲ್ಲ. ಹಾಗಾಗಿ ಬೆಳಗಿನ ಸದ್ದೆಂದರೆ ಕುದುರೆಗಾಡಿಯ ಗೊರಸು, ಸ್ಕೂಟರು, ಪೈನ್ ಮರಗಳಲ್ಲಿ ಆಗಲೇ ಶುರುವಾದ ಜೀರುಂಡೆಗಳ ಕಿರಿಗುಟ್ಟುವಿಕೆ.

ಮೀನಿನವರ ಮುಂದೆ ಇವತ್ತು ಜನ ಹೆಚ್ಚು. ಅದಕ್ಕೆ ಕಾರಣವಿದೆ. ಆಗಸ್ಟ್ 15ರ ಮಾತೆ ಮರಿಯಳ ಹಬ್ಬಕ್ಕೆ ಮುಂಚೆ, ಒಂದರಿಂದ ಹದಿನಾಲ್ಕರವರೆಗೆ, ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸ ನಡೆಯುತ್ತದೆ. ಮಾಂಸ, ಹಾಲು, ಮೊಟ್ಟೆ, ಚೀಸ್ ಯಾವುದೂ ಇಲ್ಲ. ಆಕ್ಟೋಪಸ್, ಸಿಗಡಿ ನಡೆಯುತ್ತವೆ, ಮೀನು ನಡೆಯುವುದಿಲ್ಲ. ಕಟ್ಟುನಿಟ್ಟಿನವರು ವಾರದ ದಿನಗಳಲ್ಲಿ ಎಣ್ಣೆ, ವೈನನ್ನೂ ಮುಟ್ಟುವುದಿಲ್ಲ. ನಡುವೆ 6ನೇ ತಾರೀಖು, ಯೇಸುವಿನ ರೂಪಾಂತರದ ಹಬ್ಬ. ಆವತ್ತು ಮೀನು, ಎಣ್ಣೆ, ವೈನ್ ಮೂರಕ್ಕೂ ಅಪ್ಪಣೆ. ಈ ದ್ವೀಪದ ಹೆಸರನ್ನೇ ಹೊತ್ತ ಅಡುಗೆ, ‘ಪ್ಸಾರಿ ಆ ಲಾ ಸ್ಪೆತ್ಸಿಯೋತಾ’, ಅಂದರೆ ಸ್ಪೆತ್ಸೆಸ್ ರೀತಿಯಲ್ಲಿ ಓವನ್ನಿನಲ್ಲಿ ಬೇಯಿಸಿದ ಮೀನು, ನಿಂತಿರುವುದೂ ಈ ಮೂರರ ಮೇಲೆಯೇ.

ನೀವು ಉಳಿದುಕೊಂಡ ಮನೆಯ ಅಜ್ಜಿ ನಿಮ್ಮನ್ನು ಕರೆತಂದಿದ್ದಾರೆ. ಅವರು ಮೊದಲು ಬೆಲೆ ಕೇಳುವುದಿಲ್ಲ. ಬಗ್ಗಿ ಕಣ್ಣು ನೋಡುತ್ತಾರೆ. ಮೀನಿನ ಕಣ್ಣು ಉಬ್ಬಿ, ತಿಳಿಯಾಗಿ, ನಡುವೆ ಕಪ್ಪಾಗಿ ಇರಬೇಕು. ಬೆರಳಿನಿಂದ ಕಿವಿರು ಎತ್ತಿ ಒಳಗಿನ ಕೆಂಪು ನೋಡುತ್ತಾರೆ, ಹೊಟ್ಟೆಯನ್ನು ಒತ್ತಿ ಬಿಡುತ್ತಾರೆ. ಒತ್ತಿದ ಗುಳಿ ತಕ್ಷಣ ಮೇಲೆದ್ದರೆ ಸರಿ. ಮಂಜುಗಡ್ಡೆಯ ಮೇಲೆ ಸಾಕಿದ ತ್ಸಿಪೂರಾಗಳಿವೆ, ಲವ್ರಾಕಿಗಳಿವೆ, ಒಂದೊಂದೂ ಒಂದೇ ಅಳತೆ. ಈ ಎರಡು ಜಾತಿಯ ಮೀನು ಸಾಕಣೆಯಲ್ಲಿ ಗ್ರೀಸ್ ಯುರೋಪಿನಲ್ಲೇ ಮುಂಚೂಣಿಯ ದೇಶ. ಈ ಅಡುಗೆಗೆ ಅವೂ ಒಗ್ಗುತ್ತವೆ. ಆದರೆ ಹಬ್ಬದ ದಿನವಲ್ಲವೇ, ಅಜ್ಜಿಯ ಕೈ ಪಕ್ಕಕ್ಕೆ ಹೋಗುತ್ತದೆ: ಗುಲಾಬಿ ಬಣ್ಣದ ಒಂದು ಫಾಗ್ರಿ, ಒಂದೂಕಾಲು ಕಿಲೋ. “ತಲೆ ತೆಗೀಬೇಡ” ಎಂದು ಮೀನಿನವನಿಗೆ ಹೇಳುತ್ತಾರೆ. ಅವನು ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆದು, ಕರುಳು, ಕಿವಿರು ತೆಗೆದು ಕೊಡುತ್ತಾನೆ.

ಹತ್ತು ಗಂಟೆಗೆ ನೀವು ಅಡುಗೆಮನೆಯಲ್ಲಿದ್ದೀರಿ. ಹೊರಗಿನ ಅಂಗಳಕ್ಕೆ ಕಪ್ಪು ಬಿಳಿ ಬೆಣಚುಕಲ್ಲು ಕೂರಿಸಿ ಹಡಗಿನ ಚಿತ್ರ ಮಾಡಿದ್ದಾರೆ. ಈ ದ್ವೀಪದ ಹಳೆಯ ಮನೆಗಳಲ್ಲಿ ಇಂಥ ಅಂಗಳಗಳು ಬೇಕಾದಷ್ಟು. ಮೀನನ್ನು ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ ಆಗಿದೆ. ಎರಡೂ ಪಕ್ಕಕ್ಕೆ ಮೂರು ಮೂರು ಓರೆ ಗೀರು. ಒಳಗೂ ಹೊರಗೂ ಕಲ್ಲುಪ್ಪು, ಅರ್ಧ ನಿಂಬೆಯ ರಸ, ಒಂದಿಷ್ಟು ಕಾಳುಮೆಣಸಿನ ಪುಡಿ. ಮೆಣಸು ಗ್ರೀಕರಿಗೆ ನಿನ್ನೆ ಮೊನ್ನೆಯದಲ್ಲ. ಕ್ರಿ.ಶ. ಮೊದಲ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳನ್ನು ಹೆಸರಿಸಿ, ಅಲ್ಲಿಂದ ಹಡಗಿಗೇರುತ್ತಿದ್ದ ಮೆಣಸಿನ ವಿಷಯ ಹೇಳುತ್ತದೆ.

ಇಷ್ಟೇ ಮಸಾಲೆಯೇ ಎಂದು ನೀವು ನೋಡುತ್ತಿದ್ದೀರಿ. ಖಾರದ ಪುಡಿ, ಅರಿಸಿನ, ಹುಣಸೆ ಸವರಿ ಮೀನು ನೆನೆಸಿಟ್ಟು ಬೆಳೆದ ಕೈಗೆ ಇದು ಬರಿಗೈ ಅನ್ನಿಸುತ್ತದೆ. ಅಜ್ಜಿ ಮೀನನ್ನು ಪಕ್ಕಕ್ಕೆ ಸರಿಸಿ ಈರುಳ್ಳಿ ನಿಮ್ಮ ಮುಂದೆ ತಳ್ಳುತ್ತಾರೆ. ಇವತ್ತಿನ ಅಡುಗೆಯ ಮುಕ್ಕಾಲು ಪಾಲು ಕೆಲಸ ಇರುವುದು ಇಲ್ಲಿ.

ಮೂರು ದೊಡ್ಡ ಈರುಳ್ಳಿ, ಸಣ್ಣ ಎಳೆಯಾಗಿ. ಬಾಣಲೆಗೆ ಆಲಿವ್ ಎಣ್ಣೆ ಸುರಿಯುವಾಗ ಅಜ್ಜಿಯ ಕೈ ನಿಲ್ಲುವುದೇ ಇಲ್ಲ. ಕಾಫಿ ಲೋಟದಷ್ಟು, 120 ಮಿಲಿಲೀಟರ್‌ಗೆ ಕಡಿಮೆಯಿಲ್ಲ. ಎದುರು ದಡದ ಕ್ರಾನಿದಿ ಸೀಮೆಯ ಎಣ್ಣೆ ಅದು, ಹಸಿರು ಬಣ್ಣ, ಗಂಟಲಿಗೆ ಚುರುಕು. ಈರುಳ್ಳಿಗೆ ಚಿಟಿಕೆ ಉಪ್ಪು ಬಿದ್ದು, ಉರಿ ಸಣ್ಣದಾಗುತ್ತದೆ. ನಿಮ್ಮ ಕೆಲಸ ಕೈಯಾಡಿಸುವುದು. ಐದು ನಿಮಿಷಕ್ಕೆ ಅದು ಬಾಡುತ್ತದೆ, ಹತ್ತಕ್ಕೆ ಗಾಜಿನಂತಾಗುತ್ತದೆ. ಅಂಚು ಕಂದಾಗತೊಡಗಿದರೆ ಅಜ್ಜಿ ಬಂದು ಉರಿ ಇನ್ನೂ ಇಳಿಸುತ್ತಾರೆ. ಸಿಹಿ ಬೇಕು, ಹುರಿದ ವಾಸನೆ ಬೇಡ. ಆಮೇಲೆ ಐದು ಎಸಳು ಬೆಳ್ಳುಳ್ಳಿ, ಘಮ ಏಳುವಷ್ಟೇ ಹೊತ್ತು.

ಟೊಮ್ಯಾಟೊವನ್ನು ಹೆಚ್ಚುವುದಿಲ್ಲ. ಅಡ್ಡಕ್ಕೆ ಎರಡು ಹೋಳು ಮಾಡಿ, ಕೊಯ್ದ ಮುಖವನ್ನು ತುರಿಮಣೆಗೆ ಉಜ್ಜುತ್ತಾರೆ. ತಿರುಳೆಲ್ಲ ತಟ್ಟೆಗೆ ಇಳಿದು ಸಿಪ್ಪೆ ಮಾತ್ರ ಅಂಗೈಯಲ್ಲಿ ಉಳಿಯುತ್ತದೆ. ಅರ್ಧ ಕಿಲೋ ಟೊಮ್ಯಾಟೊಗೆ ಎರಡು ನಿಮಿಷ ಸಾಕು. ಕುದಿಯುವ ನೀರಿನಲ್ಲಿ ಅದ್ದಿ ಸಿಪ್ಪೆ ಸುಲಿಯುವ ರಗಳೆಗಿಂತ ಇದು ಎಷ್ಟೋ ಮೇಲು. ಟೊಮ್ಯಾಟೊ ಬಿದ್ದ ಮೇಲೆ ಒಂದು ಲೋಟ ಬಿಳಿ ವೈನ್, ಎರಡು ದಾಫ್ನಿ ಎಲೆ, ನಾಲ್ಕು ಕಾಳು ಆಲ್‌ಸ್ಪೈಸ್. ದಾಫ್ನಿ ನಮ್ಮ ಪಲಾವ್ ಎಲೆಯಲ್ಲ. ನಮ್ಮದು ದಾಲ್ಚಿನ್ನಿಯ ಬಳಗದ ಮರದ್ದು, ಉದ್ದಕ್ಕೆ ಮೂರು ನರ, ವಾಸನೆಯೂ ಚಕ್ಕೆಯದೇ. ಇದು ಲಾರೆಲ್ ಮರದ ಎಲೆ, ನಡುವೆ ಒಂದೇ ನರ, ನೀಲಗಿರಿಯ ನೆನಪು ತರುವ ತಣ್ಣನೆಯ ಘಮ.

ಬಾಣಲೆ ಈಗ ಸಣ್ಣಗೆ ಗುಳುಗುಳು ಅನ್ನುತ್ತಿದೆ. “ನೀರೆಲ್ಲ ಆರಿ ತನ್ನ ಎಣ್ಣೆಯಲ್ಲೇ ನಿಲ್ಲಬೇಕು, ಮಗಾ” ಎನ್ನುತ್ತಾರೆ ಅಜ್ಜಿ. ಎಣ್ಣೆ ಬಿಡುವವರೆಗೆ ಮಸಾಲೆ ಬಾಡಿಸುವ ಮನೆಯಿಂದ ಬಂದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ನಿಮಿಷ ಬೇಕಾಗುತ್ತದೆ. ಎಷ್ಟೋ ಕಡೆ ಹಸಿ ಈರುಳ್ಳಿ, ಹಸಿ ಟೊಮ್ಯಾಟೊವನ್ನೇ ಮೀನಿನ ಸುತ್ತ ಹರಡಿ ಓವನ್ನಿಗೆ ತಳ್ಳುತ್ತಾರೆ, ಅಡುಗೆ ಕೆಡುವುದು ಅಲ್ಲಿಯೇ. ಓವನ್ನಿನಲ್ಲಿ ಹಸಿ ಈರುಳ್ಳಿ ಹದವಾಗಲು ಒಂದು ಗಂಟೆ ಬೇಕು, ಮೀನಿಗೆ ಅರ್ಧ ಗಂಟೆ ಸಾಕು. ಮೀನಿನ ಸ್ನಾಯುವಿನ ಎಳೆಗಳು ಗಿಡ್ಡ, ಅವನ್ನು ಹಿಡಿದಿಡುವ ಕೊಲಾಜೆನ್ ತೆಳು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದು ಬೆಂದಾಯಿತು. ಅಲ್ಲಿಂದ ಮುಂದಕ್ಕೆ ಹಿಂಡಿ ರಸ ಹೊರಗೆ ಬರುತ್ತದೆ. ಆಗ ತಟ್ಟೆಯಲ್ಲಿ ಹುಳಿನೀರು, ಬಾಯಲ್ಲಿ ಹತ್ತಿ. ಗೊಜ್ಜು ಮೊದಲೇ ಪೂರ್ತಿ ಬೆಂದಿರಬೇಕು. ಓವನ್ನಿನ ಹೊತ್ತು ಮೀನಿನದು ಮಾತ್ರ.

ಉರಿ ಆರಿಸಿದ ಮೇಲೆ ಸೊಪ್ಪಿನ ಸರದಿ. ಒಂದು ಕಟ್ಟು ಪಾರ್ಸ್ಲಿ, ದಂಟಿನ ಸಮೇತ ಸಣ್ಣಗೆ ಹೆಚ್ಚಿದ್ದು. ಸೂರಿನಡಿ ತಲೆಕೆಳಗಾಗಿ ಕಟ್ಟಿದ ಒಣ ರಿಗಾನಿಯ ಗೊಂಚಲಿನಿಂದ ಅಜ್ಜಿ ಒಂದು ಕಡ್ಡಿ ಮುರಿದು ಅಂಗೈಗಳ ನಡುವೆ ಉಜ್ಜುತ್ತಾರೆ. ಒಣಗಿದ ಮೇಲೆ ಘಮ ಹೆಚ್ಚುವ ಸೊಪ್ಪುಗಳಲ್ಲಿ ಈ ಬೆಟ್ಟದ ಒರೆಗಾನೊ ಒಂದು. ಬಿದ್ದದ್ದು ಅರ್ಧ ಚಮಚ ಇದ್ದೀತು, ಅಡುಗೆಮನೆ ತುಂಬಿತು. ಇನ್ನೂ ಸ್ವಲ್ಪ ಹಾಕೋಣವೇ ಎಂದು ನೀವು ಕೇಳಿದರೆ ಅವರು ಗಲ್ಲ ಮೇಲಕ್ಕೆತ್ತಿ ನಾಲಿಗೆಯಿಂದ ‘ತ್ಸ್’ ಎನ್ನುತ್ತಾರೆ. ಗ್ರೀಕರಲ್ಲಿ ಬೇಡ ಅನ್ನುವುದಕ್ಕೆ ಅಷ್ಟೇ ಸಾಕು.

ಈ ‘ಬೇಡ’ಕ್ಕೆ ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಮಿಕ್ಕಿದ ವಯಸ್ಸು. ಕ್ರಿ.ಪೂ. 4ನೇ ಶತಮಾನದಲ್ಲಿ ಸಿಸಿಲಿಯ ಗೇಲಾ ಊರಿನ ಗ್ರೀಕ ಆರ್ಕೆಸ್ಟ್ರಾಟಸ್ ಸಮುದ್ರ ತೀರಗಳನ್ನು ಸುತ್ತಿ, ಯಾವ ಮೀನನ್ನು ಎಲ್ಲಿ ಕೊಳ್ಳಬೇಕು, ಹೇಗೆ ಬೇಯಿಸಬೇಕು ಎಂದು ಪದ್ಯದಲ್ಲೇ ಬರೆದ. ಮುಂದೆ ಅಥೀನಿಯಸ್ ಎಂಬ ಲೇಖಕ ಉದ್ಧರಿಸಿದ್ದರಿಂದ ಅದರ ತುಣುಕುಗಳು ಉಳಿದಿವೆ. ಒಂದು ಬಗೆಯ ಮೀನನ್ನು ಅಂಜೂರದ ಎಲೆಯಲ್ಲಿ ಸುತ್ತಿ, ಒಂದಿಷ್ಟು ಮರುಗದ ಜಾತಿಯ ಸೊಪ್ಪು ಸೇರಿಸಿ, ಬಿಸಿ ಬೂದಿಯಲ್ಲಿ ಹೂತು ಬೇಯಿಸಿ ಎನ್ನುವ ಅವನು, ಅದಕ್ಕೆ ಚೀಸ್ ಹಾಕುವವರನ್ನು ದೂರ ಇಡುತ್ತಾನೆ. ಒಳ್ಳೆಯ ಮೀನನ್ನು ಮುಚ್ಚಿಹಾಕಬಾರದು ಎಂಬುದು ಅವನ ಪಟ್ಟು. ನನಗೂ ಅದೇ ಸರಿ ಕಾಣುತ್ತದೆ. ಇವತ್ತು ಹೋಟೆಲುಗಳಲ್ಲಿ ಬೇಯಿಸಿದ ಮೀನಿನ ಮೇಲೆ ಫೆತಾ ಪುಡಿ ಮಾಡಿ ಉದುರಿಸುವುದನ್ನು ಕಂಡಾಗ ಆ ಮುದುಕನ ಸಿಟ್ಟು ಅರ್ಥವಾಗುತ್ತದೆ.

ಹಾಗೆಂದು ಗ್ರೀಸಿನ ಎಲ್ಲ ಕಡೆಯೂ ಇಷ್ಟೇ ಮಿತವಲ್ಲ. ನಾನೂರು ವರ್ಷ ವೆನಿಸ್ಸಿನ ಕೈಯಲ್ಲಿದ್ದ ಕೊರ್ಫು ದ್ವೀಪದ ‘ಬುರ್ದೆತೊ’ ಎಂಬ ಮೀನಿನ ಅಡುಗೆಯಲ್ಲಿ ಒಣಮೆಣಸಿನಕಾಯಿಯ ಖಾರ ಧಾರಾಳ. 1922ರ ನಂತರ ಏಷ್ಯಾ ಮೈನರ್‌ನಿಂದ ನಿರಾಶ್ರಿತರಾಗಿ ಬಂದ ಗ್ರೀಕ್ ಕುಟುಂಬಗಳು ಜೀರಿಗೆ, ಚಕ್ಕೆಯ ರುಚಿಯನ್ನು ಜೊತೆಗೆ ತಂದವು.

ದೊಡ್ಡ ತಗಡಿನ ತಟ್ಟೆ, ‘ತಪ್ಸಿ’. ಅರ್ಧ ಗೊಜ್ಜು ಅಡಿಗೆ, ಮೇಲೆ ಮೀನು, ಉಳಿದರ್ಧ ಮೀನಿನ ಮೇಲೆ. ಗೀರುಗಳೊಳಗೂ ಬೆರಳಿನಿಂದ ತುಂಬುತ್ತೀರಿ. ಕೊನೆಗೆ ನಿನ್ನೆಯ ಬ್ರೆಡ್ಡಿನ ಪುಡಿ ನಾಲ್ಕು ಚಮಚ, ಅದರ ಮೇಲೆ ಎಣ್ಣೆಯ ಸಣ್ಣ ಧಾರೆ. ಸ್ಪೆತ್ಸೆಸ್ ರೀತಿಯ ಗುರುತು ಈ ಪುಡಿ. ಅದು ರಸ ಹೀರಿ ಅಡಿಯಲ್ಲಿ ಮೆತ್ತಗೆ, ಮೇಲೆ ಗರಿಗರಿ ಆಗುತ್ತದೆ. ಓವನ್ 190 ಡಿಗ್ರಿಗೆ ಕಾದಿದೆ. ಮುಚ್ಚಳವಿಲ್ಲದೆ ತಟ್ಟೆ ಒಳಗೆ ಹೋಗುತ್ತದೆ.

ಮನೆಮನೆಗೆ ಓವನ್ ಬರುವ ಮುಂಚೆ ಹೆಂಗಸರು ತಪ್ಸಿ ಹೊತ್ತು ಬೀದಿಯ ಬೇಕರಿಗೆ ಹೋಗುತ್ತಿದ್ದರು. ಬ್ರೆಡ್ಡಿನ ಕೆಲಸ ಮುಗಿದ ಒಲೆಯಲ್ಲಿ ಇಡೀ ಬೀದಿಯ ಹಬ್ಬದೂಟ ಬೇಯುತ್ತಿತ್ತು. ಅತ್ತ ಚರ್ಚಿನಲ್ಲಿ ಈ ಹೊತ್ತಿಗೆ ಪಾದ್ರಿ ವರ್ಷದ ಮೊದಲ ದ್ರಾಕ್ಷಿಯನ್ನು ಆಶೀರ್ವದಿಸಿ ಹಂಚುತ್ತಿರುತ್ತಾರೆ. ಪಕ್ಕದ ಮನೆಯ ಹುಡುಗ ಒಂದು ಗೊಂಚಲು ತಂದು ಮೇಜಿನ ಮೇಲಿಟ್ಟು ಓಡುತ್ತಾನೆ.

ಮೂವತ್ತು ನಿಮಿಷ. ಅಜ್ಜಿ ತಲೆಯ ಹಿಂದೆ, ದಪ್ಪ ಇರುವ ಕಡೆ, ಚೂರಿಯ ತುದಿ ಚುಚ್ಚುತ್ತಾರೆ. ಮುಳ್ಳಿನಿಂದ ಮಾಂಸ ಬಿಳಿಯಾಗಿ ಬಿಟ್ಟುಕೊಳ್ಳುತ್ತಿದೆ, ಮುಳ್ಳಿನ ಹತ್ತಿರ ಒಂದೆಳೆಯಷ್ಟು ಮಾತ್ರ ಅರೆಪಾರದರ್ಶಕ. ಈಗಲೇ ತೆಗೆಯಬೇಕು, ಬಿಸಿ ತಟ್ಟೆ ಉಳಿದದ್ದನ್ನು ಮಾಡಿಕೊಳ್ಳುತ್ತದೆ. ಅಂಚುಗಳಲ್ಲಿ ಟೊಮ್ಯಾಟೊ ಕಪ್ಪಾಗಿ ಅಂಟಿಕೊಂಡಿದೆ, ಪುಡಿ ಹೊಂಬಣ್ಣಕ್ಕೆ ತಿರುಗಿದೆ, ಸುತ್ತ ಕೆಂಪೆಣ್ಣೆ ಇನ್ನೂ ಕುದಿಯುತ್ತಿದೆ. ನಿಮ್ಮ ಹಸಿವಿಗೆ ಕಾಯುವ ತಾಳ್ಮೆಯಿಲ್ಲ. ಆದರೂ ಹದಿನೈದು ನಿಮಿಷ ಯಾರೂ ಮುಟ್ಟುವಂತಿಲ್ಲ. ಸುಡುವ ಬಿಸಿಯಲ್ಲಿ ಆಲಿವ್ ಎಣ್ಣೆಯ ರುಚಿ ಗೊತ್ತಾಗುವುದಿಲ್ಲ. ಉಗುರು ಬೆಚ್ಚಗಾದಾಗಲೇ ಅದು ಬಾಯಿಗೆ ತಿಳಿಯುತ್ತದೆ.

ಜೊತೆಗೆ ‘ವ್ಲಿತಾ’, ಬೇಯಿಸಿ ನಿಂಬೆ, ಎಣ್ಣೆ ಹಾಕಿದ ಸೊಪ್ಪು. ಒಂದು ತುತ್ತಿಗೇ ಗುರುತು ಹತ್ತುತ್ತದೆ: ಇದು ನಮ್ಮ ಹರಿವೆಯ ಜಾತಿ. ಮೀನಿನ ಕೆನ್ನೆಯ ಮಾಂಸವನ್ನು ಅಜ್ಜಿ ಚಮಚದಿಂದ ಬಿಡಿಸಿ ನಿಮ್ಮ ತಟ್ಟೆಗೆ ಹಾಕುತ್ತಾರೆ, ಅತಿಥಿಯ ಪಾಲು. ಮೊದಲು ಈರುಳ್ಳಿಯ ಸಿಹಿ, ಹಿಂದೆಯೇ ಟೊಮ್ಯಾಟೊದ ಹುಳಿ, ಆಮೇಲೆ ಯಾವುದೂ ಅಡ್ಡ ಬರದೆ ಮೀನು. ತಟ್ಟೆಯಲ್ಲಿ ಉಳಿದ ರಸಕ್ಕೆ ಎಲ್ಲರೂ ಬ್ರೆಡ್ ಮುರಿದು ಅದ್ದುತ್ತಾರೆ. ನಾಚಿಕೊಳ್ಳುವವರು ಯಾರೂ ಇಲ್ಲ.

ಇದನ್ನು ನಮ್ಮ ಕರಾವಳಿಯ ಮೀನಿನಲ್ಲಿ ಮಾಡುವವರು ಕೆಂಬೇರಿಯನ್ನು ಇಡಿಯಾಗಿ ಬಳಸಿ, ಇಲ್ಲವೇ ಎರಡು ಬೆರಳು ದಪ್ಪದ ಅಂಜಲ್ ತುಂಡು ತೆಗೆದುಕೊಳ್ಳಿ. ತುಂಡಿಗೆ ಇಪ್ಪತ್ತು ನಿಮಿಷದೊಳಗೇ ಓವನ್ ತೆರೆದು ನೋಡಿ. ಪಾರ್ಸ್ಲಿ ಸಿಗದಿದ್ದರೆ ಸಬ್ಬಸಿಗೆ ಸೊಪ್ಪು ಹಾಕಿ. ಗ್ರೀಕರೂ ಮೀನಿಗೆ ಅದನ್ನು ಹಾಕುತ್ತಾರೆ. ಒಂದು ಸಲವಾದರೂ ಖಾರದ ಪುಡಿಯ ಡಬ್ಬಿ ಮುಟ್ಟದೆ ಮಾಡಿ ನೋಡಿ. ಮೀನು ಮಾತ್ರ ಆವತ್ತಿನದೇ ಆಗಿರಲಿ.